ಓಟ್ಸ್ ಯಾಕೆ ಅಂಟಾಯಿತು ಅಂದೆಯಲ್ಲ ಪುಟ್ಟಿ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ, ಅಕ್ಕ, ಭಾವ ಕೇಳಿದ್ದಕ್ಕೂ ಇದರಲ್ಲೇ ಉತ್ತರ ಇದೆ. ಟೈಪ್ ಮಾಡುತ್ತಾ ಕೂತರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಮಾತಾಡಿಯೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕೆಲಸ ಮಾಡುತ್ತಾ ಕೇಳು.

ಸೇಬು, ಅನಾನಸ್ ಹಾಕಿ ಓವನ್‌ನಲ್ಲಿ ಓಟ್ಸ್ ಬೇಯಿಸಿದೆ, ಮಧ್ಯೆ ಹಸಿಹಸಿ ಅಂಟಾಯಿತು, ತಿಂದರೆ ಸ್ವಲ್ಪ ಕಹಿ ಬೇರೆ ಅಂದೆ. ಫೋಟೋದಲ್ಲಿ ಹಿಂದೆ ಓಟ್ಸ್ ಪ್ಯಾಕೆಟ್ ಕಾಣಿಸಿತು. ಅದು ಇನ್‌ಸ್ಟಂಟ್ ಓಟ್ಸ್ ಕಣೇ. ಬಿಸಿಹಾಲು ಹಾಕಿ ಎರಡು ನಿಮಿಷಕ್ಕೆ ತಿನ್ನೋದಕ್ಕೆ ಸರಿ. ತುಂಬಾ ತೆಳ್ಳಗೆ, ಸಣ್ಣದಾಗಿ ಮಾಡಿರುತ್ತಾರೆ, ಬೇಗ ಕರಗಿ ಗಂಜಿಯಾಗುತ್ತದೆ. ನಮಗೆ ಬೇಕಾದ್ದು ರೋಲ್ಡ್ ಓಟ್ಸ್, ದಪ್ಪ ಅವಲಕ್ಕಿಯ ಹಾಗೆ ಬಿಡಿಬಿಡಿಯಾಗಿ ಕಾಣುತ್ತದಲ್ಲ, ಅದು. ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಅನ್ನೋ ನಾರಿನಂಶ ಇದೆ. ನೀರು ತಗುಲಿದರೆ ಲೋಳೆ ಬಿಡುತ್ತದೆ. ಜಾಸ್ತಿ ಕಲಕಿದಷ್ಟೂ ಜಾಸ್ತಿ ಲೋಳೆ. ನೀನು ಕೇಕಿನ ಹಿಟ್ಟಿನ ಥರ ಚೆನ್ನಾಗಿ ಬೀಟ್ ಮಾಡಿದೆ ಅಂತ ಬರೆದಿದ್ದೀಯ. ಅಲ್ಲೇ ಕೆಟ್ಟಿದ್ದು.

ಕಹಿ ಆಗಿದ್ದು ಅನಾನಸ್‌ನಿಂದ. ಹಸಿ ಅನಾನಸ್‌ನಲ್ಲಿ ಇರೋ ಬ್ರೊಮೆಲಿನ್ ಅನ್ನೋ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಅದರಿಂದ ಕಹಿ ಬರುತ್ತದೆ. ಕೇಸರಿಬಾತಿಗೆ ಅನಾನಸ್ಸನ್ನು ಮೊದಲು ಸಕ್ಕರೆ ಜೊತೆ ಬೇಯಿಸಿಕೊಳ್ಳುತ್ತೇವಲ್ಲ, ಹಾಗೇ ಇಲ್ಲೂ ಐದಾರು ನಿಮಿಷ ಕುದಿಸಿ, ಆರಿಸಿ ಹಾಕು. ಕಹಿ ಬರೋದಿಲ್ಲ. ಆದರೆ ನನ್ನ ಕೇಳಿದರೆ ಅನಾನಸ್ಸೇ ಬೇಡ. ಬಾಳೆಹಣ್ಣು, ಸೇಬು ಸಾಕು. ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಅಪರೂಪಕ್ಕೆ ನಂಜನಗೂಡು ರಸಬಾಳೆ ಸಿಕ್ಕಿದ ದಿನ ನಾನು ಬೇರೆ ಹಣ್ಣೇ ನೋಡೋದಿಲ್ಲ. ಪನಾಮ ಸೊರಗು ರೋಗ ಬಂದು ಬೆಳೆಯೋರೇ ಕಮ್ಮಿಯಾಗಿಬಿಟ್ಟರು, ನೆನೆದರೆ ಹೊಟ್ಟೆ ಉರಿಯುತ್ತದೆ. ಸಿಗದಿದ್ದರೆ ಏಲಕ್ಕಿ ಬಾಳೆ ತಗೋ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿರಬೇಕು.

ಈಗ ಅಳತೆ. ರೋಲ್ಡ್ ಓಟ್ಸ್ ಎರಡು ಕಪ್, ಕಾಯಿಸಿ ಆರಿಸಿದ ಹಾಲು ಒಂದೂವರೆ ಕಪ್. ಬೆಲ್ಲ ಅರ್ಧ ಕಪ್, ಕಾಲು ಕಪ್ ನೀರಲ್ಲಿ ಕರಗಿಸಿ ಸೋಸಿಕೋ. ನಮ್ಮ ಮಂಡ್ಯ ಕಡೆ ಆಲೆಮನೆ ಬೆಲ್ಲದಲ್ಲಿ ಒಂದೊಂದು ಸಲ ಕಬ್ಬಿನ ಚೂರು ಇರುತ್ತದೆ, ಸೋಸದೆ ಹಾಕಬೇಡ. ಬೆಲ್ಲದ ನೀರು ಪೂರ್ತಿ ಆರಿರಬೇಕು. ಒಂದು ಸಲ ಅವಸರದಲ್ಲಿ ಬಿಸಿಹಾಲಿಗೇ ಬೆಲ್ಲ ಹಾಕಿಬಿಟ್ಟೆ, ಕಣ್ಣೆದುರಿಗೇ ಹಾಲು ಒಡೆದುಹೋಯಿತು. ಅವತ್ತಿಂದ ಎರಡೂ ತಣ್ಣಗಾದ ಮೇಲೇ ಸೇರಿಸೋದು. ಎರಡು ಚಮಚ ತುಪ್ಪ, ಚಿಟಿಕೆ ಉಪ್ಪು. ಅಜ್ಜಿ ಮೊಟ್ಟೆ ಮುಟ್ಟೋದಿಲ್ಲ, ಅದಕ್ಕೆ ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಲ್ಲಿ ಹತ್ತು ನಿಮಿಷ ಬಿಡು. ಗಟ್ಟಿಯಾಗುತ್ತದೆ, ಮೊಟ್ಟೆಯ ಹಾಗೆ ಹಿಡಿದುಕೊಳ್ಳುತ್ತದೆ.

ಮಸಾಲೆ ವಿಷಯಕ್ಕೆ ಬರ್ತೀನಿ. ಡಬ್ಬಿಯಲ್ಲಿ ವರ್ಷದಿಂದ ಕೂತಿರೋ ಚಕ್ಕೆ ಪುಡಿ ದಯವಿಟ್ಟು ಹಾಕಬೇಡ. ಎರಡಿಂಚು ಚಕ್ಕೆ, ಎರಡು ಲವಂಗ ಬಾಣಲೆಯಲ್ಲಿ ಬೆಚ್ಚಗೆ ಮಾಡು, ಹುರಿಯೋದು ಬೇಡ. ನಾಲ್ಕು ಏಲಕ್ಕಿ ಬಿಡಿಸಿ, ಕಪ್ಪು ಕಾಳನ್ನು ಒಂದು ಚಿಟಿಕೆ ಸಕ್ಕರೆ ಜೊತೆ ಸೇರಿಸಿ ಎಲ್ಲಾ ಕುಟ್ಟಾಣಿಯಲ್ಲಿ ಕುಟ್ಟು. ಸಕ್ಕರೆ ಇದ್ದರೆ ಏಲಕ್ಕಿ ಜಾರೋದಿಲ್ಲ, ಬೂದಿಯ ಹಾಗೆ ನುಣ್ಣಗಾಗುತ್ತದೆ. ಅರ್ಧ ಚಮಚ ಒಣಶುಂಠಿ ಪುಡಿ. ಜಾಯಿಕಾಯಿ ತುರಿಮಣೆ ಮೇಲೆ ನಾಲ್ಕು ಸಲ ಉಜ್ಜಿದರೆ ಸಾಕು, ಜಾಸ್ತಿಯಾದರೆ ಬಾಯಿ ಒಗರಾಗುತ್ತದೆ. ಈ ಮಸಾಲೆಯನ್ನು ತುಪ್ಪಕ್ಕೆ ಹಾಕಿ ಕಲಸಿ, ಆಮೇಲೆ ಹಾಲಿಗೆ ಸೇರಿಸು. ತುಪ್ಪ ಘಮವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಮ್ನೆ ಹಾಲಿನ ಮೇಲೆ ಉದುರಿಸಿದರೆ ಅಷ್ಟು ಬರೋದಿಲ್ಲ.

ಎಲ್ಲಾ ಸೇರಿಸಿ ನಾಲ್ಕೈದು ಸಲ ಸೌಟಿನಲ್ಲಿ ಮಗುಚಿ, ಮುಚ್ಚಿ ಇಪ್ಪತ್ತು ನಿಮಿಷ ಬಿಡು. ಓಟ್ಸ್ ಹಾಲು ಕುಡಿಯಲಿ. ಇದನ್ನು ತಪ್ಪಿಸಬೇಡ ಪುಟ್ಟಿ, ನಿನ್ನದು ಮಧ್ಯೆ ಹಸಿ ಉಳಿದಿದ್ದಕ್ಕೆ ಇದೂ ಒಂದು ಕಾರಣ. ಬೇಕಿಂಗ್ ಪೌಡರ್ ಒಂದು ಚಮಚ ಕೊನೆಗೆ ಹಾಕು, ಮೊದಲೇ ಹಾಕಿದರೆ ಕಾಯುವಷ್ಟರಲ್ಲಿ ಅದರ ಶಕ್ತಿ ಇಳಿದುಹೋಗುತ್ತದೆ. ತುಪ್ಪ ಸವರಿದ ಎಂಟಿಂಚಿನ ಟ್ರೇಗೆ ಬಾಳೆಹಣ್ಣು ಬಿಲ್ಲೆ ಜೋಡಿಸಿ, ಓಟ್ಸ್ ಸುರಿದು, ಮೇಲೆ ಸೇಬಿನ ಹೋಳು ಇಡು. ಓವನ್ ಹತ್ತು ನಿಮಿಷ ಕಾದಿರಬೇಕು. 180 ಡಿಗ್ರಿ, 35ರಿಂದ 40 ನಿಮಿಷ. ಅಂಚು ಕಂದು ಬಣ್ಣಕ್ಕೆ ತಿರುಗಿ ಟ್ರೇ ಬಿಟ್ಟುಕೊಳ್ಳುತ್ತದೆ, ಆಗ ತೆಗಿ. ಅಕ್ಕ, ನಿಮ್ಮ ಮನೆಯಲ್ಲಿ ಓವನ್ ಇಲ್ಲ ಅಂದಿರಲ್ಲ, ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಶಲ್ ತೆಗೆದು ಸಣ್ಣ ಉರಿಯಲ್ಲಿ ಮಾಡಿ. ನೀರು ಹಾಕಬೇಡಿ. ಮುಕ್ಕಾಲು ಗಂಟೆ ಹಿಡಿಯುತ್ತದೆ.

ತೆಗೆದ ತಕ್ಷಣ ಚಾಕು ಹಾಕಬೇಡ. ಹದಿನೈದು ನಿಮಿಷ ಆರಲಿ. ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ, ನಮ್ಮ ಮೈಸೂರ್ ಪಾಕಿನ ಹಾಗೆ ತುಂಡು ಬೀಳುತ್ತದೆ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು.

ಭಾವ, ಶುಗರ್ ಇರೋರು ತಿನ್ನಬಹುದಾ ಅಂತ ಕೇಳಿದ್ದಿರಿ. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ, ಅದರಲ್ಲಿ ವಿನಾಯಿತಿ ಇಲ್ಲ. ನಿಮಗೆ ಬೆಲ್ಲ ಬಿಟ್ಟು, ಬಾಳೆಹಣ್ಣಿನ ಬದಲು ಸೇಬು ಹಾಕಿ, ಶೇಂಗಾ ಪುಡಿ ಸೇರಿಸಿ ಬೇರೆ ಸಣ್ಣ ತಟ್ಟೆಯಲ್ಲಿ ಮಾಡುತ್ತೇನೆ. ಅದೂ ಒಂದೇ ತುಂಡು.

ಭಾನುವಾರ ಅಜ್ಜಿಯನ್ನು ನೋಡೋಕೆ ಮಂಡ್ಯಕ್ಕೆ ಬರುವಾಗ ಒಂದು ಟ್ರೇ ತರುತ್ತೇನೆ. ಅಷ್ಟರೊಳಗೆ ನೀನು ಇನ್ನೊಂದು ಸಲ ಮಾಡು ಪುಟ್ಟಿ. ಈ ಸಲ ಕತ್ತರಿಸಿದ ಮೇಲೆ ಫೋಟೋ ಹಾಕು, ಒಳಗಿನ ಪದರ ನನಗೆ ಕಾಣಬೇಕು.