ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಆ ಓಟದ ನಾಯಿಯ ಕಥೆ ಯಾರಿಗಾದರೂ ಗೊತ್ತೆ?

ಲೂಟನ್ ವಾಸಿ ಕೇಳಿದ್ದು:

ಕಳೆದ ಶನಿವಾರ ಮಕ್ಕಳಿಬ್ಬರನ್ನು ಕರೆದುಕೊಂಡು ಟ್ರಿಂಗ್‌ನ ಪ್ರಾಣಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಬಟ್ಟೆ ತೊಡಿಸಿದ ಚಿಗಟಗಳನ್ನು ನೋಡಲೇಬೇಕೆಂದು ಮಗಳ ಹಟ (ನಿಜವಾಗಿಯೂ ಇವೆ, ಭೂತಗನ್ನಡಿಯಲ್ಲಿ ನೋಡಬೇಕು). ಅಲ್ಲಿಯೇ ಒಂದು ಕಡೆ ಬಗೆಬಗೆಯ ತಳಿಯ ನಾಯಿಗಳನ್ನು ಜೀವಂತವಿದ್ದಂತೆಯೇ ನಿಲ್ಲಿಸಿದ್ದಾರೆ. ಅವುಗಳ ನಡುವೆ ಒಂದನ್ನು ಕಂಡು ಕಾಲು ಮುಂದಕ್ಕೆ ಹೋಗಲಿಲ್ಲ. ಉದ್ದ ಮೂತಿ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಬಿಲ್ಲಿನಂತೆ ಬಾಗಿದ ಬೆನ್ನು. ನನ್ನ ತಾಯಿಯ ತವರು ಮುಧೋಳದ ಕಡೆ. ಸೋದರಮಾವನ ಮನೆಯ ನಾಯಿಯೇ ಇಲ್ಲಿಗೆ ಬಂದು ನಿಂತಂತಾಯಿತು.

ಹೆಸರು ಮಿಕ್ ದ ಮಿಲ್ಲರ್, ಗ್ರೇಹೌಂಡ್ ತಳಿ, 1929 ಮತ್ತು 1930ರ ಡರ್ಬಿ ಗೆದ್ದದ್ದು ಎಂದು ತಿಳಿಯಿತು. ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು "ಮೂರನೆಯದನ್ನೂ ಅವನೇ ಗೆದ್ದಿದ್ದ, ಕಿತ್ತುಕೊಂಡರು" ಎಂದು ಗೊಣಗಿ ಮುಂದೆ ಹೋಗಿಬಿಟ್ಟರು. ಡರ್ಬಿ ಎಂದರೆ ಕುದುರೆ ಓಟವಲ್ಲವೆ? ಗೆದ್ದದ್ದನ್ನು ಕಿತ್ತುಕೊಳ್ಳುವುದು ಎಂದರೇನು?

ಷೆಫರ್ಡ್ಸ್ ಬುಷ್ ರಾಯರು ಉತ್ತರಿಸಿದ್ದು:

ತಂಗೀ, ಆ ವೃದ್ಧರು ಸುಳ್ಳು ಹೇಳಲಿಲ್ಲ, ಸ್ವಲ್ಪ ಬೆಲ್ಲ ಬೆರೆಸಿ ಹೇಳಿದ್ದಾರೆ ಅಷ್ಟೆ. ಇನ್ನು ಮುಂದೆ ನಾನು "ಅವನು" ಎಂದೇ ಬರೆಯುತ್ತೇನೆ. ಮಿಕ್‌ನನ್ನು "ಅದು" ಎನ್ನಲು ಕೈ ಬರುವುದಿಲ್ಲ.

ಡರ್ಬಿ ಕುದುರೆಯದೇ. ಹೆಸರಿಗೆ ತೂಕವಿದೆಯೆಂದು ನಾಯಿ ಓಟದವರು ಅದನ್ನೇ ಎತ್ತಿಕೊಂಡರು. ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬ ಅಮೆರಿಕದವನು, ನಾಯಿಗಳು ಅಟ್ಟಿಸಿಕೊಂಡು ಓಡಲೆಂದು, ಹಳಿಯ ಮೇಲೆ ಓಡುವ ಯಂತ್ರದ ಮೊಲವನ್ನು ಕಟ್ಟಿದ. ಅದು ಇಂಗ್ಲೆಂಡಿಗೆ ಬಂದು, 1926ರ ಜುಲೈನಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಅಂಗಳದಲ್ಲಿ ಮೊದಲ ಓಟ ನಡೆಯಿತು. ಆ ಸಂಜೆ ಬಂದವರು ಸುಮಾರು 1,700 ಜನ. ಮರುವರ್ಷವೇ ಲಂಡನ್ನಿನ ವೈಟ್ ಸಿಟಿಯಲ್ಲಿ ಮೊದಲ ಡರ್ಬಿ, ಗೆದ್ದದ್ದು ಎಂಟ್ರಿ ಬ್ಯಾಜ್. ವೈಟ್ ಸಿಟಿ 1908ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣ. ಬೇರೆ ಗಿರಾಕಿಯಿಲ್ಲದೆ ಬಿದ್ದಿದ್ದ ಅದಕ್ಕೆ ನಾಯಿಗಳೇ ಅನ್ನ ಹಾಕಿದವು.

ನಾನು 1971ರಲ್ಲಿ ಲಂಡನ್ನಿಗೆ ಬಂದೆ. ಅಂಚೆ ವಿಂಗಡಿಸುವ ಕೆಲಸ, ರಾತ್ರಿ ಪಾಳಿ. ಬಾಡಿಗೆ ಕೋಣೆ ವೈಟ್ ಸಿಟಿಯಿಂದ ಹತ್ತು ನಿಮಿಷದ ನಡಿಗೆ. ಪಕ್ಕದ ಮೇಜಿನಲ್ಲಿ ಐರ್ಲೆಂಡಿನ ಗೆಳೆಯನೊಬ್ಬ ಪತ್ರಗಳನ್ನು ಗೂಡಿಗೆ ಎಸೆಯುತ್ತಲೇ ನಾಯಿಗಳ ವಂಶಾವಳಿ ಹೇಳುತ್ತಿದ್ದ, ನಮ್ಮ ಊರಿನ ಪುರೋಹಿತರು ಗೋತ್ರ ಪ್ರವರ ಹೇಳಿದ ಹಾಗೆ. ಒಂದು ಶನಿವಾರ ಅವನೇ ನನ್ನನ್ನು ಎಳೆದುಕೊಂಡು ಹೋದ.

ಅಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಬಿಳಿ ಕೋಟಿನವರು ನಾಯಿಗಳನ್ನು ಒಂದು ಸುತ್ತು ನಡೆಸಿ ತೋರಿಸಿ, ಹಿಂದಿನಿಂದ ತಳ್ಳಿ ಗೂಡುಗಳಿಗೆ ಸೇರಿಸುತ್ತಾರೆ. ಒಂದನೆಯ ಗೂಡಿಗೆ ಕೆಂಪು ಅಂಗಿ, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ, ನಾಲ್ಕಕ್ಕೆ ಕಪ್ಪು, ಐದಕ್ಕೆ ಕಿತ್ತಳೆ, ಆರಕ್ಕೆ ಕಪ್ಪು ಬಿಳಿ ಪಟ್ಟೆ. ದೀಪಗಳು ಮಂಕಾಗುತ್ತವೆ, ಓಟದ ಪಟ್ಟಿಯೊಂದೇ ಬೆಳಗುತ್ತಿರುತ್ತದೆ. ಆಗ ದೂರದ ತಿರುವಿನಿಂದ ಹಳಿಯ ಮೇಲೆ ಮೊಲ ಹೊರಟ ಸದ್ದು. ಹಿಟ್ಟಿನ ಗಿರಣಿಯ ಪಟ್ಟಿ ಜಾರಿದಾಗ ಕೇಳುತ್ತದಲ್ಲ, ಅಂಥದ್ದು. ಅದು ಹತ್ತಿರ ಬಂದಷ್ಟೂ ಗೂಡಿನೊಳಗೆ ಉಗುರು ಕೆರೆಯುವುದು, ಕುಂಯ್‌ಗುಡುವುದು. ಮೊಲ ಮುಂದಕ್ಕೆ ದಾಟಿತು, ಬಾಗಿಲು ಮೇಲಕ್ಕೆ ಹಾರಿತು, ಮೂವತ್ತು ಸೆಕೆಂಡಿನಲ್ಲಿ ನನ್ನ ಒಂದು ಪೌಂಡ್ ಹೋಯಿತು. ಮುಂದಿನ ಓಟಕ್ಕೆ ಹದಿನೈದು ನಿಮಿಷ ಕಾಯಬೇಕು. ಆ ಹದಿನೈದು ನಿಮಿಷಗಳಲ್ಲಿಯೇ ನಾನು ಮಿಕ್‌ನ ಕಥೆಯನ್ನೆಲ್ಲ ಕೇಳಿದ್ದು.

ಐರ್ಲೆಂಡಿನ ಆಫಲಿ ಜಿಲ್ಲೆಯ ಹಳ್ಳಿಯೊಂದರ ಪಾದ್ರಿ ಮಾರ್ಟಿನ್ ಬ್ರೋಫಿ ಅವರ ಮನೆಯಲ್ಲಿ 1926ರಲ್ಲಿ ಹುಟ್ಟಿದವನು ಮಿಕ್. ಡಿಸ್ಟೆಂಪರ್ ಎಂಬ ನಾಯಿರೋಗ ಬಂದು ಸಾಯುವುದರಲ್ಲಿದ್ದವನನ್ನು ಡಬ್ಲಿನ್ನಿನ ನಾಯಿ ಓಟದ ಅಂಗಳವಾದ ಷೆಲ್ಬರ್ನ್ ಪಾರ್ಕಿನಲ್ಲಿ ಕ್ಯಾಲನನ್ ಎಂಬ ವೈದ್ಯರು ಉಳಿಸಿಕೊಂಡರು. 1929ರ ಡರ್ಬಿಗೆ ಅವನನ್ನು ಹಡಗು ಹತ್ತಿಸಿ ತಂದಾಗ ಲಂಡನ್ನಿನಲ್ಲಿ ಅವನು ಯಾರೆಂದೂ ಗೊತ್ತಿರಲಿಲ್ಲ. ಮೊದಲ ಸುತ್ತಿನಲ್ಲಿ 525 ಗಜವನ್ನು 29.82 ಸೆಕೆಂಡಿನಲ್ಲಿ ಮುಗಿಸಿದ. ಆ ದೂರಕ್ಕೆ ಮೂವತ್ತರ ಒಳಗೆ ಬಂದ ಮೊದಲ ನಾಯಿ ಅವನು. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 58 ಕಿಲೋಮೀಟರ್, ನಿಂತಲ್ಲಿಂದ ಹೊರಟು, ತಿರುವುಗಳನ್ನೂ ಸೇರಿಸಿ. ಓಟ ಮುಗಿಯುತ್ತಲೇ ಪಾದ್ರಿಯವರ ಸುತ್ತ ಕೊಳ್ಳುವವರು ಮುತ್ತಿದರು. ಆಲ್ಬರ್ಟ್ ವಿಲಿಯಮ್ಸ್ ಎಂಬ ಬುಕ್ಕಿ ಸುಮಾರು 800 ಪೌಂಡ್ ಕೊಟ್ಟು ಕೊಂಡುಕೊಂಡ. ಗೆಳೆಯ ಇದನ್ನು ಹೇಳುವಾಗ ಪ್ರತಿ ಸಲವೂ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ಪಾದ್ರಿಯ ವ್ಯಾಪಾರಕ್ಕೋ, ಬುಕ್ಕಿಯ ಅದೃಷ್ಟಕ್ಕೋ, ಕೇಳಲಿಲ್ಲ.

ಈಗ ನಿಮ್ಮ ಪ್ರಶ್ನೆ. ನಾಯಿಗಳು ತಿರುವಿನಲ್ಲಿ ಢಿಕ್ಕಿ ಹೊಡೆದು ಬಿದ್ದರೆ ಅಥವಾ ಒಂದನ್ನೊಂದು ಕಚ್ಚಲು ಹೋದರೆ ಅಧಿಕಾರಿಗಳು "ಓಟ ನಡೆದಿಲ್ಲ" ಎಂದು ಸಾರಿ ಮತ್ತೆ ಓಡಿಸಬಹುದಿತ್ತು. 1929ರ ಅಂತಿಮ ಓಟದಲ್ಲಿ ಮೊದಲ ತಿರುವಿನಲ್ಲೇ ಮಿಕ್ ಸಿಕ್ಕಿಹಾಕಿಕೊಂಡ, ಪ್ಯಾಲಟೈನಸ್ ಎಂಬ ನಾಯಿ ಮೊದಲು ಬಂತು. ಓಟ ರದ್ದು. ಮತ್ತೆ ಓಡಿಸಿದಾಗ ಮಿಕ್ ಗೆದ್ದ. 1930ರಲ್ಲಿ ಯಾವ ತಕರಾರೂ ಇಲ್ಲದೆ ಗೆದ್ದ. 1931ರಲ್ಲಿ ಅವನಿಗೆ ಐದು ವರ್ಷ, ಓಟದ ನಾಯಿಗೆ ಅದು ಇಳಿವಯಸ್ಸು. ಆದರೂ ಹಿಂದಿನಿಂದ ಸಂದು ಹುಡುಕಿಕೊಂಡು ಬಂದು, ತಲೆಯಷ್ಟು ಅಂತರದಲ್ಲಿ ಗೆರೆ ದಾಟಿದ. ಅಷ್ಟರಲ್ಲಿ ಭೋಂಗಾ ಕೂಗಿತು. ರೈಲ್ಯಾಂಡ್ ಆರ್ ಎಂಬ ನಾಯಿ ದಾರಿಯಲ್ಲಿ ಜಗಳಕ್ಕೆ ನಿಂತಿತ್ತು, ಆದ್ದರಿಂದ ಓಟ ರದ್ದು. ಎರಡನೆಯ ಸಲ ಮುದುಕನ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಸೆಲ್ಡಮ್ ಲೆಡ್ ಗೆದ್ದಿತು, ಮಿಕ್ ನಾಲ್ಕನೆಯವನು.

ಗೆಳೆಯನ ಅಪ್ಪ ಆ ರಾತ್ರಿ ಅಲ್ಲಿದ್ದರಂತೆ. ಮಿಕ್ ಗೆರೆ ದಾಟಿದೊಡನೆ ಸುತ್ತಲಿನ ಎಂಟು ಜನರಿಗೆ ಬಿಯರ್ ಹೇಳಿಬಿಟ್ಟಿದ್ದರು. ಭೋಂಗಾ ಕೂಗಿದಾಗ ಲೋಟಗಳು ಆಗಲೇ ಕೈಗೆ ಬಂದಿದ್ದವು. ಆ ಸಾಲ ತೀರಿಸಲು ಎರಡು ವಾರ ಹಿಡಿಯಿತು ಎಂದು ಕಡೆಯವರೆಗೂ ರೈಲ್ಯಾಂಡ್ ಆರ್‌ಗೆ ಶಾಪ ಹಾಕುತ್ತಿದ್ದರಂತೆ.

1929ರಲ್ಲಿ ಅದೇ ನಿಯಮ ಮಿಕ್‌ನನ್ನು ಉಳಿಸಿತ್ತು ಎಂಬುದನ್ನು ಮಾತ್ರ ಆ ಮನೆಯಲ್ಲಿ ಯಾರೂ ನೆನೆಯುತ್ತಿರಲಿಲ್ಲ!

ಘಟಪ್ರಭಾ ದಂಡೆ ಉತ್ತರಿಸಿದ್ದು:

ಅಕ್ಕ, ನಾನು ಮುಧೋಳ ತಾಲ್ಲೂಕಿನವನು, ಮನೆಯಲ್ಲಿ ಸದ್ಯಕ್ಕೆ ಮೂರು ನಾಯಿಗಳಿವೆ. ಮೈಕಟ್ಟು ನೋಡಿದರೆ ಗ್ರೇಹೌಂಡೂ ನಮ್ಮ ಮುಧೋಳದ ನಾಯಿಯೂ ಒಂದೇ ಎನಿಸುವುದು ಸಹಜ, ಎರಡೂ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಆದರೆ ಗ್ರೇಹೌಂಡ್ ಎಂದರೆ ಅರ್ಧ ನಿಮಿಷದ ಸಿಡಿಲು. ತೊಡೆ ನೋಡಿ, ದಪ್ಪ. ನಮ್ಮದು ತೆಳ್ಳಗೆ, ಎರೆಭೂಮಿಯಲ್ಲಿ ಬಿಸಿಲಿಗೆ ಬಹಳ ಹೊತ್ತು ಓಡಬಲ್ಲದು. ಮೊಲದ ಬೇಟೆ ಈಗ ಕಾನೂನಿಗೆ ವಿರುದ್ಧ, ಆದ್ದರಿಂದ ನನ್ನ ತಮ್ಮ ಬೈಕಿನ ಹಿಂದೆ ಹಗ್ಗಕ್ಕೆ ಗೋಣಿಚೀಲ ಕಟ್ಟಿ ಎಳೆಯುತ್ತಾನೆ. ಮೂರರಲ್ಲಿ ಒಂದಕ್ಕೆ ಎರಡೇ ದಿನದಲ್ಲಿ ಅದು ಚೀಲ ಎಂದು ಗೊತ್ತಾಗಿಹೋಯಿತು. ಈಗ ಬದುವಿನ ಮೇಲೆ ಕುಳಿತು ಉಳಿದೆರಡನ್ನು ನೋಡುತ್ತದೆ.

ರಾಯರೇ, ಒಂದು ಕೇಳುತ್ತೇನೆ, ಬೇಸರ ಬೇಡ. ಮಿಕ್‌ಗೆ ಗಾಜಿನ ಪೆಟ್ಟಿಗೆ ಸಿಕ್ಕಿತು. ನೀವು ಒಂದು ಪೌಂಡ್ ಕಳೆದುಕೊಂಡ ಆ ಸೋತ ನಾಯಿ ಮುಂದೆ ಎಲ್ಲಿಗೆ ಹೋಯಿತು?

ಷೆಫರ್ಡ್ಸ್ ಬುಷ್ ರಾಯರು ಉತ್ತರಿಸಿದ್ದು:

ಬೇಸರವೇನಿಲ್ಲ ತಮ್ಮಾ. ಆ ಪ್ರಶ್ನೆಯನ್ನು ನಾನು ಹನ್ನೆರಡು ವರ್ಷ ಕೇಳಲಿಲ್ಲ, ಅದೇ ಬೇಸರ. ಕೆಲವನ್ನು ಜನ ಮನೆಗೆ ಒಯ್ಯುತ್ತಿದ್ದರು. ಕೆಲವನ್ನು ಯಾರೂ ಒಯ್ಯುತ್ತಿರಲಿಲ್ಲ, ಅವುಗಳ ಗತಿ ನೀವು ಊಹಿಸಿದ್ದೇ.

ನನ್ನ ಗೆಳೆಯ ಒಂದನ್ನು ತಂದಿಟ್ಟುಕೊಂಡಿದ್ದ. ನಾಲ್ಕನೆಯ ವಯಸ್ಸಿಗೇ ನಿವೃತ್ತಿ. ಮೆಟ್ಟಿಲು ಎಂದರೇನೆಂದು ಅದಕ್ಕೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಗೂಡು, ವ್ಯಾನು, ಓಟದ ಪಟ್ಟಿ, ಇಷ್ಟನ್ನೇ ಕಂಡದ್ದು. ಮೊದಲ ದಿನ ಕೆಳಗಿನ ಮೆಟ್ಟಿಲಿನ ಮೇಲೆ ಮುಂಗಾಲು ಎರಡನ್ನೂ ಇಟ್ಟು, ಮುಂದೇನು ಎಂದು ನಮ್ಮ ಮುಖ ನೋಡುತ್ತ ನಿಂತಿತ್ತು. ಗೆಳೆಯ ಹಿಂಗಾಲನ್ನು ಒಂದೊಂದಾಗಿ ಎತ್ತಿಟ್ಟು ಕಲಿಸಿದ. ಕಲಿತ ಮೇಲೆ ದಿನಕ್ಕೆ ಇಪ್ಪತ್ತು ಗಂಟೆ ಸೋಫಾದ ಮೇಲೆ ನಿದ್ರೆ. ಆಮೇಲೆ ನಾನು ಹಣ ಕಟ್ಟುವುದನ್ನು ಬಿಟ್ಟೆ. ಹೋಗುವುದನ್ನು ಬಿಡಲಿಲ್ಲ, ಸುಳ್ಳು ಹೇಳುವುದಿಲ್ಲ.

ವೈಟ್ ಸಿಟಿಯ ಕಡೆಯ ಡರ್ಬಿ 1984ರ ಜೂನ್‌ನಲ್ಲಿ, ಗೆದ್ದದ್ದು ವಿಸ್ಪರ್ ವಿಷಸ್. ಸೆಪ್ಟೆಂಬರಿಗೆ ಬಾಗಿಲು ಮುಚ್ಚಿತು, ಮರುವರ್ಷ ಕೆಡವಿದರು, ಆ ಜಾಗದಲ್ಲಿ ಬಿಬಿಸಿ ಕಟ್ಟಡ ಎದ್ದಿತು. ಡರ್ಬಿ ವಿಂಬಲ್ಡನ್ನಿನ ನಾಯಿ ಓಟದ ಅಂಗಳಕ್ಕೆ ಹೋಯಿತು. ನಾಯಿಗಳ ಮಾತು ಒಂದು ಕಾಲಕ್ಕೆ ಎಷ್ಟು ನಡೆಯುತ್ತಿತ್ತೆಂದರೆ, 1966ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಉರುಗ್ವೆ ಮತ್ತು ಫ್ರಾನ್ಸ್ ಪಂದ್ಯವನ್ನು ವೈಟ್ ಸಿಟಿಗೆ ತಳ್ಳಿದರು. ಪಂದ್ಯ ನಡೆಯಬೇಕಿದ್ದ ವೆಂಬ್ಲಿ ಕ್ರೀಡಾಂಗಣದಲ್ಲಿ ಆ ಶುಕ್ರವಾರ ನಾಯಿ ಓಟವಿತ್ತು!

ಲೂಟನ್ ವಾಸಿ:

ರಾಯರೇ, ಮಗಳಿಗೆ ಮೆಟ್ಟಿಲಿನ ಕಥೆ ಹೇಳಿದೆ. ಚಿಗಟ ಮರೆತುಹೋಗಿದೆ. ಆ ನಾಯಿಯ ಹೆಸರೇನೆಂದು ಕೇಳುತ್ತಿದ್ದಾಳೆ.

ಷೆಫರ್ಡ್ಸ್ ಬುಷ್ ರಾಯರು:

ಓಟದ ಹೆಸರು ಮೂರು ಮಾರುದ್ದ ಇತ್ತು, ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲಿ ನಾನಿಟ್ಟ ಹೆಸರು ನಡೆಯಿತು. ಗುಂಡ. ಗೆಳೆಯ ಅದನ್ನು "ಗೂಂಡಾ" ಎಂದು ಕರೆಯುತ್ತಿದ್ದ, ಎಷ್ಟು ತಿದ್ದಿದರೂ ಬರಲಿಲ್ಲ.