ಅಭಯಾರಣ್ಯದಲ್ಲಿ ನಿಷೇಧ ಗಣಿಗಷ್ಟೇ ಇದೆಯೇ, ಖನಿಜ ಶೋಧಕ್ಕೂ ಇದೆಯೇ?

ಪ್ರಶ್ನೆ:
ನಮ್ಮ ಹೊಲವು ಮುಂಡರಗಿ ತಾಲ್ಲೂಕಿನ ಡೋಣಿಯ ಬಳಿ, ಕಪ್ಪತಗುಡ್ಡದ ಬುಡದಲ್ಲಿದೆ. ಕಳೆದ ತಿಂಗಳು ಜೀಪಿನಲ್ಲಿ ಬಂದ ಮೂವರು ಗುಡ್ಡವೇರಿ, ಸುತ್ತಿಗೆಯಿಂದ ಬೆಣಚುಕಲ್ಲು ಒಡೆದು, ಬಟ್ಟೆಯ ಚೀಲಗಳಲ್ಲಿ ತುಂಬಿ, ಪ್ರತಿ ಚೀಲಕ್ಕೂ ಸಂಖ್ಯೆ ಬರೆದುಕೊಂಡು ಹೋದರು. ಕೇಳಿದರೆ, ಇದು ಗಣಿಯಲ್ಲ, ಬರೀ ಶೋಧ ಎಂದರು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಈ ಗುಡ್ಡದಲ್ಲಿ ಅದಕ್ಕೆ ಅವಕಾಶವುಂಟೇ? ನಿಷೇಧವು ನಮ್ಮ ಹೊಲಕ್ಕೂ ಅನ್ವಯಿಸುತ್ತದೆಯೇ?

ಉತ್ತರ 1:
ಗಣಿಗಾರಿಕೆಯ ಮಟ್ಟಿಗೆ ಸಂದೇಹವಿಲ್ಲ. ರಾಷ್ಟ್ರೀಯ ಉದ್ಯಾನ ಹಾಗೂ ವನ್ಯಜೀವಿಧಾಮಗಳ ಒಳಗೂ, ಅವುಗಳ ಗಡಿಯಿಂದ 1 ಕಿಲೋಮೀಟರ್‌ವರೆಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 26ರಂದು ಹೇಳಿದೆ. ನಿಮ್ಮ ಹೊಲ ಆ ಅಂತರದೊಳಗಿದ್ದರೆ, ಅದು ಪಟ್ಟಾ ಜಮೀನಾಗಿದ್ದರೂ ಅಲ್ಲಿ ಗಣಿ ತೆರೆಯುವಂತಿಲ್ಲ. ಶೋಧಕ್ಕಾದರೋ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಪರವಾನಗಿ ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಂತಹ ಸಂಸ್ಥೆಗಳಿಗೆ ಮಾತ್ರ ವಿನಾಯಿತಿಯಿದೆ.

ಉತ್ತರ 2:
ಇಲ್ಲಿ ಒಂದು ಸೂಕ್ಷ್ಮವಿದೆ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯು, ಕೇಂದ್ರ ಸರ್ಕಾರ ವಿಧಿಸುವ ಷರತ್ತುಗಳಿಗೆ ಒಳಪಟ್ಟ ಖನಿಜ ಶೋಧವನ್ನು ಅರಣ್ಯೇತರ ಬಳಕೆಯೆಂದು, ಅಂದರೆ ಕೇಂದ್ರದ ಪೂರ್ವಾನುಮತಿ ಬೇಕಾದ ಬಳಕೆಯೆಂದು, ಎಣಿಸದಿರಲು ದಾರಿ ಮಾಡಿಕೊಟ್ಟಿದೆ. ‘ಬರೀ ಶೋಧ’ ಎಂಬ ಮಾತಿಗೆ ಬಲ ಬಂದಿರುವುದು ಇಲ್ಲಿಂದಲೇ ಎಂದು ನನ್ನ ಅನುಮಾನ. ಆದರೆ ಆ ಸಡಿಲಿಕೆ ಅರಣ್ಯ ಕಾಯ್ದೆಯದು. ವನ್ಯಜೀವಿಧಾಮಕ್ಕೆ 1972ರ ವನ್ಯಜೀವಿ ಕಾಯ್ದೆಯೂ ಅನ್ವಯಿಸುತ್ತದೆ, ಅದರ 27 ಮತ್ತು 28ನೇ ಕಲಮುಗಳು ಹೊರಗಿನವರು ಒಳಗೆ ಕಾಲಿಡಲೂ ಅನುಮತಿ ಪತ್ರ ಕೇಳುತ್ತವೆ. ಆದುದರಿಂದ ಬಂದವರನ್ನು ಮೊದಲು ಕೇಳಬೇಕಾದದ್ದು ಗಣಿಯೋ ಶೋಧವೋ ಎಂದಲ್ಲ, ಆ ಪತ್ರ ಎಲ್ಲಿದೆ ಎಂದು.

ಉತ್ತರ 3:
ಕುದುರೆಮುಖವನ್ನು ನೆನಪಿಸಿಕೊಳ್ಳಿ. ಅಲ್ಲಿನ ರಾಷ್ಟ್ರೀಯ ಉದ್ಯಾನದಲ್ಲಿ ಕಬ್ಬಿಣದ ಅದಿರು ಅಗೆಯುತ್ತಿದ್ದದ್ದು ಸರ್ಕಾರದ್ದೇ ಕಂಪನಿ. 1969ರ ಗುತ್ತಿಗೆ 30 ವರ್ಷಕ್ಕೆ ಮುಗಿದರೂ ಕೆಲಸ ನಡೆದೇ ಇತ್ತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಬಳಿಕ, 2005ರ ಕೊನೆಗೆ ಗಣಿ ನಿಂತಿತು. ಅದಿರಿನ ಕೆಸರು ಇಂದಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿದೆ. ಸದ್ಯ ಧಾಮದ ಅಧಿಸೂಚನೆಯೊಂದಿಗಿನ ಗಡಿ ವಿವರವನ್ನು ಪಡೆದು, ನಿಮ್ಮ ಸರ್ವೆ ನಂಬರಿನ ನಕ್ಷೆಗೆ ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಅವರು ಬಿಟ್ಟುಹೋದ ಒಂದು ಚೀಲ ನಮ್ಮ ಬೇಲಿಯ ಬಳಿ ಸಿಕ್ಕಿದೆ, ಸಂಖ್ಯೆ 14. ಅದನ್ನು ಸೋಮವಾರ ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿಯ ಜೊತೆ ಒಪ್ಪಿಸುತ್ತೇನೆ.