ಪದಚರ್ಚೆ: ಟ್ರಾನ್ಸಿಟ್‌ಗೆ ಕನ್ನಡದಲ್ಲಿ ಏನನ್ನೋಣ? (ಪೋಸ್ಟರ್‌ಗೆ, ಇವತ್ತೇ ಬೇಕು)

ಕೇಳಿಕೆ:
ಗೆಳೆಯರೇ, ನಮ್ಮ ಕಾಲೇಜಿನಲ್ಲಿ ಹವ್ಯಾಸಿ ಆಕಾಶ ವೀಕ್ಷಕರ ಕಾರ್ಯಕ್ರಮ ಇದೆ. ಎಚ್‌ಡಿ 209458 ಎಂಬ ನಕ್ಷತ್ರದ ಮುಂದೆ ಅದರ ಗ್ರಹ ದಾಟುವುದನ್ನು, ಅಂದರೆ ಟ್ರಾನ್ಸಿಟ್ ಅನ್ನು, ಟೆಲಿಸ್ಕೋಪಿಗೆ ಕ್ಯಾಮೆರಾ ಕೂಡಿಸಿ ಹಿಡಿಯುತ್ತೇವೆ. ಪೋಸ್ಟರ್ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ‘ಹೊರಗ್ರಹದ ಸಂಕ್ರಮಣ’ ಅಂತ ಹಾಕಿದ್ದೇನೆ (ಹೊರಗ್ರಹ ಅಂದರೆ ಸೂರ್ಯನದಲ್ಲದ, ಬೇರೆ ನಕ್ಷತ್ರದ ಗ್ರಹ). ಸರೀನಾ? ಲೈಟ್ ಕರ್ವ್‌ಗೂ, ಅಂದರೆ ನಕ್ಷತ್ರದ ಬೆಳಕು ಹೊತ್ತು ಹೋದಂತೆ ಹೇಗೆ ಬದಲಾಯಿತು ಅಂತ ತೋರಿಸುವ ಗ್ರಾಫಿಗೂ, ಒಂದು ಪದ ಹೇಳಿ.

ಉತ್ತರ:
ಸರಿಯಿಲ್ಲ. ಸಂಕ್ರಮಣ ಅಂದರೆ ಒಂದು ರಾಶಿ ಬಿಟ್ಟು ಇನ್ನೊಂದಕ್ಕೆ ಹೋಗುವುದು. ಮಕರ ಸಂಕ್ರಮಣದಲ್ಲಿ ಸೂರ್ಯ ಯಾವುದಕ್ಕೂ ಅಡ್ಡ ಬರುವುದಿಲ್ಲ. ಪೋಸ್ಟರ್ ನೋಡಿದವರು ರಾಶಿಫಲದ ಮಾತು ಅಂದುಕೊಳ್ಳುತ್ತಾರೆ.

ಇಲ್ಲಿ ಆಗುವುದೇ ಬೇರೆ. 1999ರಲ್ಲಿ ಮೊದಲ ಸಲ ಇಂಥದ್ದು ಸಿಕ್ಕಿದ್ದು ಇದೇ ನಕ್ಷತ್ರದಲ್ಲಿ. ಗ್ರಹ ನಮಗೆ ಕಾಣುವುದೇ ಇಲ್ಲ. ಮೂರೂವರೆ ದಿನಕ್ಕೊಮ್ಮೆ ಅದು ನಮಗೂ ನಕ್ಷತ್ರಕ್ಕೂ ನಡುವೆ ಹಾಯುತ್ತದೆ. ಆಗ ಸುಮಾರು 3 ಗಂಟೆ ಹೊತ್ತು ನಕ್ಷತ್ರದ ಬೆಳಕು ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗುತ್ತದೆ. ಇದಕ್ಕೆ ಕನ್ನಡದಲ್ಲಿ ‘ಅಡ್ಡಹಾಯು’ ಇದ್ದೇ ಇದೆ. ಬೆಕ್ಕು ಅಡ್ಡ ಹಾಯ್ತು ಅಂತೀವಲ್ವಾ, ಅದೇ ಹಾಯು. ಹಳಗನ್ನಡದ ‘ಪಾಯ್’. ಹೊಳೆ ಹಾಯುವುದು, ಕೆಂಡ ಹಾಯುವುದು, ಎಲ್ಲದರಲ್ಲೂ ಈ ಕಡೆಯಿಂದ ಆ ಕಡೆಗೆ ದಾಟುವುದೇ ಇರುವುದು. ನಾಮಪದ ಬೇಕಿದ್ದರೆ ‘ಅಡ್ಡಹಾಯ್ಕೆ’. ಲೈಟ್ ಕರ್ವ್ ‘ಬೆಳಕುಗೆರೆ’.

ಇನ್ನೊಬ್ಬರು:
ಒಪ್ಪಲಾರೆ. 2004ರಲ್ಲಿ, ಮತ್ತೆ 2012ರಲ್ಲಿ ಶುಕ್ರ ಸೂರ್ಯನ ಮುಂದೆ ಹಾದಾಗ ಶುಕ್ರ ಸಂಕ್ರಮಣ ಅಂತಲೇ ಬರೆದೆವು, ಓದಿದೆವು. ಯಾರಿಗೆ ಗೊಂದಲ ಆಯ್ತು? ಸಂಸ್ಕೃತದ್ದೆಲ್ಲ ಬೇಡ ಅನ್ನುವುದಾದರೆ ‘ಗ್ರಹ’ವನ್ನೂ ಬಿಡಬೇಕು. ಅಡ್ಡಹಾಯ್ಕೆ ಸುಮ್ನೆ ಕೂತು ಕಟ್ಟಿದ ಪದ, ಯಾರ ಬಾಯಲ್ಲೂ ಇಲ್ಲ. ಅದಕ್ಕಿಂತ ಟ್ರಾನ್ಸಿಟ್ ಅಂತಲೇ ಹಾಕಿ. ಮಕ್ಕಳು ನಾಳೆ ನೆಟ್‌ನಲ್ಲಿ ಹುಡುಕುವುದು ಅದನ್ನೇ.

ಮರು ಉತ್ತರ:
ಗ್ರಹ ಬಿಡಿ ಅಂತ ನಾನೆಲ್ಲಿ ಹೇಳಿದೆ? ಅರ್ಥ ಹೊಂದುವುದಿಲ್ಲ ಅಂತ ಬೇಡ ಅಂದೆ. 2012ರಲ್ಲಿ ಸೂರ್ಯನ ಮೇಲೆ ಕಪ್ಪು ಚುಕ್ಕೆ ಕಣ್ಣಿಗೇ ಕಾಣುತ್ತಿತ್ತು, ಪದ ಯಾವುದಾದರೂ ನಡೆಯಿತು. ಈಗ ಕಾಣುವುದು ಗ್ರಾಫಿನಲ್ಲೊಂದು ತಗ್ಗು ಮಾತ್ರ. ಏನಾಯಿತು ಅಂತ ಪದವೇ ಹೇಳಬೇಕು. ನಾಮಪದ ಬಾಯಿಗೆ ಬರದಿದ್ದರೆ ಬಿಡಿ, ‘ನಕ್ಷತ್ರಕ್ಕೆ ಅಡ್ಡ ಹಾಯುವ ಗ್ರಹ’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ. ಕೆಳಗೆ ಬೇಕಾದರೆ ಟ್ರಾನ್ಸಿಟ್ ಇರಲಿ. ಪ್ರೆಸ್ಸಿಗೆ ಕಳಿಸಿಬಿಡಿ.